ಹೆಸರು ಯಾರ ಖಾತೆಯಲ್ಲಿದೆ?

ಮಾರ್ಚ್ ತಿಂಗಳು ಅಂದ್ರೆ ಶಿರಸಿ ಹತ್ರದ ನಮ್ಮಕ್ಕನ ಮನೇಲಿ ಯಾರಿಗೂ ಕೂರೋಕೆ ಪುರುಸೊತ್ತಿರಲ್ಲ. ಅವರದು ಉಪ್ಪಿನಕಾಯಿ ವ್ಯಾಪಾರ, ಅಪ್ಪೆಮಿಡಿ ಅಂದ್ರೆ ಎಳೇ ಮಾವಿನಕಾಯಿ ಬರೋ ಕಾಲ ಅದು. ಮಿಡಿ ನೆಲಕ್ಕೆ ಬೀಳದ ಹಾಗೆ, ತೊಟ್ಟು ಮುರಿಯದ ಹಾಗೆ ಕೊಯ್ಸಬೇಕು, ಬಂದ ದಿನವೇ ತೊಳೆದು ಒರೆಸಿ ಉಪ್ಪಿಗೆ ಹಾಕಬೇಕು, ಹೋದ ವರ್ಷದ ಭರಣಿ ಖಾಲಿ ಮಾಡಿ ಬಾಟಲಿ ತುಂಬಿ ಪಾರ್ಸೆಲ್ ಕಟ್ಟಬೇಕು, ಇದರ ಮಧ್ಯೆ ಬಿಡುವಿಲ್ಲದ ಹಾಗೆ ಆರ್ಡರ್ ಫೋನುಗಳು. ಅಂಥ ಮಾರ್ಚಲ್ಲಿ, 2022ರಲ್ಲಿ, ಅಕ್ಕ ಬೆಳಿಗ್ಗೆ ಏಳು ಗಂಟೆಗೇ ನಂಗೆ ಫೋನ್ ಮಾಡಿ "ತಮಾ, ಈ ಸಲ ಫೋನೇ ಬರ್ತಾ ಇಲ್ಲೆ, ಎಂತ ಆಯ್ದು ನೋಡು" ಅಂದ್ಲು.

ನಾನು ಬೆಂಗಳೂರಲ್ಲಿ ಅಕೌಂಟ್ಸ್ ಕೆಲಸ ಮಾಡೋನು. ಕಂಪ್ಯೂಟರಿನ ಒಳಗುಟ್ಟು ಕಲಿತೋನಲ್ಲ, ಆದ್ರೆ ಮನೇಲಿ ಇಂಥದ್ದೆಲ್ಲ ನನ್ನ ತಲೆಗೇ ಬರುತ್ತೆ. ನಮ್ಮ ವೆಬ್‌ಸೈಟ್ ತೆಗೆದು ನೋಡಿದ್ರೆ ಏನೂ ಇಲ್ಲ, ಬಿಳೀ ಹಾಳೆ, ಈ ಸೈಟು ಸಿಗ್ತಿಲ್ಲ ಅಂತ ಒಂದು ಸಾಲು. ಹುಬ್ಬಳ್ಳಿಯ ಹಳೇ ಗಿರಾಕಿಯೊಬ್ರು ಆಮೇಲೆ ಹೇಳಿದ್ರು, ಮೊದಲು ಕೆಲವು ವಾರ ನಮ್ಮ ವಿಳಾಸ ಹೊಡೆದ್ರೆ ಯಾವ್ಯಾವುದೋ ಸಾಲದ ಜಾಹೀರಾತು, ಇನ್ಶೂರೆನ್ಸ್ ಜಾಹೀರಾತು ಬರ್ತಿತ್ತಂತೆ, "ನೀವು ವ್ಯಾಪಾರ ಬಿಟ್ಟಿರಬೇಕು ಅಂದ್ಕೊಂಡ್ವಿ" ಅಂದ್ರು. ಆ ಮಾತು ನನಗೆ ಇವತ್ತಿಗೂ ಮರೆತಿಲ್ಲ. ಭರಣಿ ತುಂಬಾ ಉಪ್ಪಿನಕಾಯಿ ಇಟ್ಕೊಂಡು, ಹದಿನಾಲ್ಕು ಅಂಕಿಯ ಎಫ್‌ಎಸ್‌ಎಸ್‌ಎಐ ಆಹಾರ ಲೈಸೆನ್ಸ್ ನಂಬರ್ ಸಮೇತ ಲೇಬಲ್ ಹಚ್ಚಿ ಕೂತಿರೋ ನಾವು, ಹೊರಗಿನೋರ ಕಣ್ಣಿಗೆ ಅಂಗಡಿ ಮುಚ್ಚಿದೋರಾಗಿದ್ವಿ.

ವೆಬ್‌ಸೈಟಿನ ವಿಳಾಸಕ್ಕೆ ಇರೋ ಹೆಸರೇ ಡೊಮೇನ್, ಅದರ ವಿವರ ಯಾರು ಬೇಕಾದ್ರೂ ನೋಡಬಹುದು, ಅದಕ್ಕೆ ಹುಡುಕು ಪುಟಗಳಿವೆ. ಹಾಕಿ ನೋಡ್ದೆ. ಅವಧಿ ಮುಗಿದು 47 ದಿನ ಆಗಿತ್ತು. ಸ್ಟೇಟಸ್ ಜಾಗದಲ್ಲಿ ರಿಡೆಂಪ್ಶನ್ ಪೀರಿಯಡ್, ಅಂದ್ರೆ ದಂಡ ಕಟ್ಟಿ ಬಿಡಿಸ್ಕೊಳ್ಳೋ ಅವಧಿ, ಅಂತ ಇತ್ತು. ಮಾಲೀಕರ ಹೆಸರಿರಬೇಕಾದ ಜಾಗದಲ್ಲಿ ಹೆಸರೇ ಇಲ್ಲ, ಮರೆಮಾಡಲಾಗಿದೆ ಅಂತ ಇತ್ತು. 2018ರಲ್ಲಿ ಯುರೋಪಿನ ಖಾಸಗಿತನದ ಕಾನೂನು ಬಂದ ಮೇಲೆ ಈ ವಿವರಗಳನ್ನ ಮುಚ್ಚಿಡೋದು ಹೆಚ್ಚಾಯ್ತು, ಅದು ಒಳ್ಳೇದೇ, ಆದ್ರೆ ನಮ್ಮದೇ ಹೆಸರು ಯಾರ ಹೆಸರಲ್ಲಿದೆ ಅಂತ ನಮಗೇ ಕಾಣದ ಪರಿಸ್ಥಿತಿ ಆಗಿತ್ತು.

ಭಾವನ ಹತ್ರ ಕೇಳ್ದೆ, ಡೊಮೇನ್ ಯಾರ ಹೆಸರಲ್ಲಿ ತಗೊಂಡಿದ್ದು ಅಂತ. "ನಮ್ಮದೇ ಅಲ್ದನಾ, ವರ್ಷಾ ವರ್ಷಾ ದುಡ್ಡು ಕೊಡ್ತಾ ಇದ್ನಲ" ಅಂದ್ರು.

ಇಡೀ ಕಥೆ ಇರೋದು ಈ ಒಂದು ಮಾತಲ್ಲಿ. ದುಡ್ಡು ಕೊಟ್ಟಿದ್ದು ನಿಜ. 2014ರಲ್ಲಿ ಊರಿನದೇ ಹುಡುಗ, ಇಂಜಿನಿಯರಿಂಗ್ ಮುಗಿಸಿ ಆಗಷ್ಟೇ ಕೆಲಸಕ್ಕೆ ಸೇರಿದ್ದೋನು, ಪ್ರೀತಿಯಿಂದ ಸೈಟ್ ಮಾಡಿಕೊಟ್ಟಿದ್ದ. ಅವನದೇ ಮೇಲ್ ಐಡಿ ಹಾಕಿ, ಅವನದೇ ಕಾರ್ಡಲ್ಲಿ ಡೊಮೇನ್ ತಗೊಂಡ. ಪ್ರತಿ ವರ್ಷ ಭಾವ ಅವನಿಗೆ ದುಡ್ಡು ಕೊಡೋರು, ಅವನು ಕಟ್ಟೋನು. ಆಮೇಲೆ ಅವನು ಟೊರೊಂಟೊಗೆ ಹೋದ. ಆ ಮೇಲ್ ಐಡಿ ಅವನ ಹಳೇ ಕಂಪನಿದು, ಕೆಲಸ ಬಿಟ್ಟ ಕೂಡ್ಲೇ ಅದು ಮುಚ್ಚಿಹೋಗಿತ್ತು. ಡಾಟ್ ಕಾಮ್ ಹೆಸರುಗಳಿಗೆ ಅವಧಿ ಮುಗಿಯೋಕೆ ಸುಮಾರು ತಿಂಗಳು ಮೊದಲು ಒಂದು, ವಾರ ಮೊದಲು ಒಂದು, ಮುಗಿದ ಮೇಲೆ ಇನ್ನೊಂದು ನೋಟಿಸ್ ಕಳಿಸಲೇಬೇಕು ಅಂತ ನಿಯಮ ಇದೆ. ಆ ನೋಟಿಸ್ ಬಂದಿರಬೇಕು. ಬಂದಿದ್ದರೂ ಅದು ಹೋಗಿದ್ದು ಯಾರೂ ತೆರೆಯದ ಪೆಟ್ಟಿಗೆಗೆ.

ಹುಡುಗ ಮೋಸ ಮಾಡ್ಲಿಲ್ಲ, ಭಾವ ಬೇಜವಾಬ್ದಾರಿ ಮಾಡ್ಲಿಲ್ಲ. ನಂಬಿಕೆ ಇದ್ದಿದ್ದಕ್ಕೇ ಯಾರೂ ಕಾಗದ ನೋಡ್ಲಿಲ್ಲ, ಅಷ್ಟೇ. ನಮ್ಮ ಕಡೆ ತೋಟದ ವಿಷಯದಲ್ಲಿ ಹೀಗೆ ಮಾಡ್ತೀವಾ? ಅಣ್ಣತಮ್ಮಂದಿರು ಎಷ್ಟೇ ಚೆನ್ನಾಗಿರ್ಲಿ, ಪಹಣಿ ತೆಗೆಸಿ 9ನೇ ಕಾಲಂನಲ್ಲಿ ಯಾರ ಹೆಸರಿದೆ ಅಂತ ನೋಡೇ ನೋಡ್ತೀವಿ. ಕಂದಾಯ ನಾನೇ ಕಟ್ತಿದೀನಿ, ಅಡಿಕೆ ನಾನೇ ಕೊಯ್ತಿದೀನಿ ಅಂದ್ರೆ ಕಾಲಂನಲ್ಲಿರೋ ಹೆಸರು ತಾನಾಗೇ ಬದಲಾಗಲ್ಲ, ಅದಕ್ಕೆ ಖಾತೆ ಬದಲಾವಣೆ ಆಗಬೇಕು. ಡೊಮೇನೂ ಹಾಗೇ, ಅಲ್ಲಿಯೂ ಒಂದು ಕಾಲಂ ಇದೆ, ರಿಜಿಸ್ಟ್ರಂಟ್ ಅಂತ, ಅಂದ್ರೆ ಹೆಸರು ನೋಂದಾಯಿಸ್ಕೊಂಡೋರು. ಆ ಕಾಲಂನಲ್ಲಿ ಯಾರ ಹೆಸರು, ಯಾವ ಮೇಲ್ ಐಡಿ ಇದೆಯೋ ಅವರ ಮಾತೇ ನಡೆಯೋದು. ಇನ್ನೊಂದು ವಿಷಯ ಅಂದ್ರೆ ಡೊಮೇನನ್ನ ಯಾರೂ ಪೂರ್ತಿ ಕೊಂಡ್ಕೊಳ್ಳೋಕೆ ಆಗಲ್ಲ, ಡಾಟ್ ಕಾಮ್ ಒಂದು ಸಲಕ್ಕೆ ಹೆಚ್ಚಂದ್ರೆ 10 ವರ್ಷ, ಆಮೇಲೆ ಮತ್ತೆ ಕಟ್ಟಬೇಕು, ಹಾಗಾಗಿ ಇದು ಜಮೀನಿಗಿಂತ ಗೇಣಿಗೆ ಹತ್ತಿರ, ಕಟ್ಟೋದು ಮರೆತ್ರೆ ಹೋಯ್ತು.

ಹೋಗೋದಕ್ಕೂ ಒಂದು ಕ್ರಮ ಇದೆ, ಅದನ್ನ ಆ ವಾರ ನಿದ್ದೆಗೆಟ್ಟು ಓದ್ದೆ. ಡಾಟ್ ಕಾಮ್ ಆದ್ರೆ ಅವಧಿ ಮುಗಿದ ಮೇಲೆ 45 ದಿನದವರೆಗೆ ಮಾಮೂಲಿ ಬೆಲೆಗೆ ಉಳಿಸ್ಕೊಳ್ಳೋ ಅವಕಾಶ ಇರಬಹುದು, ಎಷ್ಟು ದಿನ ಕೊಡ್ತಾರೆ ಅನ್ನೋದು ಡೊಮೇನ್ ಮಾರೋ ಒಂದೊಂದು ಕಂಪನಿಗೆ ಒಂದೊಂದು ಥರ. ಅದು ದಾಟಿದ್ರೆ ರಿಡೆಂಪ್ಶನ್ನು, 30 ದಿನ, ಆವಾಗ ದಂಡ ಕಟ್ಟಬೇಕು, ಅದೂ ಹೆಸರು ಇದ್ದ ಕಂಪನಿಯ ಮೂಲಕವೇ ಆಗಬೇಕು. ಅದೂ ದಾಟಿದ್ರೆ 5 ದಿನ ಪೆಂಡಿಂಗ್ ಡಿಲೀಟ್, ಆವಾಗ ಯಾರು ಏನು ಮಾಡಿದ್ರೂ ಆಗಲ್ಲ. ಆ ಐದು ದಿನ ಮುಗಿದ ಕ್ಷಣ ಹೆಸರು ಬಯಲಿಗೆ ಬೀಳುತ್ತೆ, ಹಾಗೆ ಬೀಳೋ ಹೆಸರುಗಳನ್ನ ಹಿಡಿಯೋದಕ್ಕೇ ಅಂತ ಕಂಪ್ಯೂಟರ್ ಇಟ್ಕೊಂಡು ಕಾಯೋರಿದ್ದಾರೆ. ನಾವು ಎರಡನೇ ಹಂತದಲ್ಲಿದ್ವಿ. ಎಷ್ಟನೇ ದಿನ ಅನ್ನೋದು ಸರಿಯಾಗಿ ಗೊತ್ತಿಲ್ಲದೇ ಇದ್ದಿದ್ದು ಇನ್ನೂ ಭಯ.

ಹುಡುಗನ ನಂಬರ್ ಅವನ ಆಯಿ ಹತ್ರ ಇಸ್ಕೊಂಡ್ವಿ. ನಮ್ಮ ಬೆಳಗಿನ ಏಳು ಗಂಟೆ ಅಂದ್ರೆ ಅವನಿಗೆ ಹಿಂದಿನ ರಾತ್ರಿ ಒಂಬತ್ತೂವರೆ. ವಿಡಿಯೋ ಕಾಲಲ್ಲಿ ಅಕ್ಕನ್ನ ನೋಡಿ ಅವನ ಮುಖ ಸಣ್ಣದಾಯ್ತು, "ನಂಗೆ ನೆನಪೇ ಇಲ್ಲೆ ಅಕ್ಕಾ" ಅಂತ ಎರಡು ಸಲ ಅಂದ. ಲಾಗಿನ್ ಆಗೋಕೆ ಹೋದ್ರೆ ಪಾಸ್‌ವರ್ಡ್ ನೆನಪಿದೆ, ಓಟಿಪಿ ಹೋಗ್ತಿರೋದು ಅವನ ಹಳೇ ಇಂಡಿಯಾ ನಂಬರಿಗೆ. ಆ ನಂಬರಿಗೆ ಫೋನ್ ಮಾಡಿದ್ರೆ ಯಾರೋ ಬೇರೆಯವರು ಎತ್ತಿದ್ರು. ಬಳಸದೇ ಬಿಟ್ಟ ಮೊಬೈಲ್ ನಂಬರ್ ಕೆಲವು ತಿಂಗಳಿಗೆ ಇನ್ನೊಬ್ಬರಿಗೆ ಹೋಗುತ್ತೆ ಅನ್ನೋದು ನಮಗೆಲ್ಲ ಗೊತ್ತಿರೋದೇ, ನಮ್ಮ ಬೀಗದ ಕೈ ಅದರ ಜೊತೆ ಹೋಗುತ್ತೆ ಅನ್ನೋದು ಹೊಳೆಯಲ್ಲ. ಕೊನೆಗೆ ಅವನು ಪಾಸ್‌ಪೋರ್ಟ್ ಪ್ರತಿ, ಹಳೇ ಕಾರ್ಡಿನ ಕೊನೇ ನಾಲ್ಕು ಅಂಕಿ, 2014ರ ಬಿಲ್ಲು, ಎಲ್ಲ ಕಳಿಸಿ, ನಾಲ್ಕು ರಾತ್ರಿ ಸಪೋರ್ಟ್ ಜೊತೆ ಮಾತಾಡಿ ಖಾತೆ ತೆಗೆಸಿದ. ದಂಡ, ರಿನ್ಯೂವಲ್ ಎಲ್ಲ ಸೇರಿ ಹತ್ತು ಸಾವಿರಕ್ಕೆ ಹತ್ರ ಹೋಯ್ತು. ಹೆಸರು ಬಂತು. ಅದೇ ಕಂಪನಿಯೊಳಗೇ ಅಕ್ಕನ ಹೆಸರಲ್ಲಿ ಹೊಸ ಖಾತೆ ತೆರೆದು ಅಲ್ಲಿಗೆ ಸರಿಸಿದ್ವಿ. ಬೇರೆ ಕಂಪನಿಗೆ ಒಯ್ಯೋಣ ಅಂದ್ರೆ ಮಾಲೀಕರ ಹೆಸರು ಬದಲಾದ ಮೇಲೆ ಸಾಮಾನ್ಯವಾಗಿ 60 ದಿನ ಬೀಗ ಹಾಕ್ತಿದ್ರು, ಕದ್ದು ಸಾಗಿಸಬಾರದು ಅಂತ, ಅದು ಸರಿಯಾದ ನಿಯಮವೇ.

ಹೆಸರು ಬಂತು, ಸೈಟು ಬರ್ಲಿಲ್ಲ. ಹೋಸ್ಟಿಂಗ್ ಅಂದ್ರೆ ಸೈಟಿನ ಫೈಲುಗಳು ಇರೋ ಜಾಗ, ಅದು ಬೇರೆ ಬಾಡಿಗೆ, ಅದರ ಅವಧಿಯೂ ಮುಗಿದು ಎಲ್ಲ ಅಳಿಸಿಹೋಗಿತ್ತು. ಬೆಲೆ ಪಟ್ಟಿ, ಫೋಟೋ, ಆರ್ಡರ್ ಫಾರ್ಮು, ಇವೆಲ್ಲ ಮತ್ತೆ ಮಾಡಬಹುದು. ಆದ್ರೆ ಅದರಲ್ಲಿ ನಮ್ಮ ಆಯಿ ಹೇಳಿ ಬರೆಸಿದ ಒಂದು ಪುಟ ಇತ್ತು. ಯಾವ ಮಿಡಿ ಎಷ್ಟು ವರ್ಷ ತಾಳುತ್ತೆ, ಜೀರಿಗೆ ಮಿಡಿ ಮುರಿದ್ರೆ ಎಂಥ ವಾಸನೆ, ಅನಂತಭಟ್ಟನ ಅಪ್ಪೆಗೆ ಯಾಕೆ ಅಷ್ಟು ಹೆಸರು, ಸೊನೆ ಜಾಸ್ತಿ ಇರೋ ಮಿಡಿಯೇ ಯಾಕೆ ಒಳ್ಳೇದು, ಉಪ್ಪಲ್ಲಿ ಚಿರುಟಿದ ಮೇಲೆ ಆ ಉಪ್ಪುನೀರನ್ನೇ ಹಾಕಿ ಸಾಸಿವೆ ಯಾಕೆ ರುಬ್ಬಬೇಕು, ಎಲ್ಲ ಅವಳ ಮಾತಲ್ಲೇ ಇತ್ತು. ಆಯಿ 2019ರಲ್ಲಿ ಹೋದ್ಲು. ಬೇರೆಲ್ಲೂ ಅದನ್ನ ಬರೆದಿಟ್ಟಿರ್ಲಿಲ್ಲ.

ಇಂಟರ್ನೆಟ್ ಆರ್ಕೈವ್ ಅಂತ ಒಂದು ಸಂಸ್ಥೆ ಇದೆ, ಸ್ಯಾನ್ ಫ್ರಾನ್ಸಿಸ್ಕೊದಲ್ಲಿ, ಲಾಭಕ್ಕಾಗಿ ಮಾಡೋದಲ್ಲ, 1996ರಿಂದ ವೆಬ್ ಪುಟಗಳ ಪ್ರತಿ ತೆಗೆದಿಡ್ತಾ ಬಂದಿದೆ. ಅದರ ವೇಬ್ಯಾಕ್ ಮಷೀನಲ್ಲಿ ನಮ್ಮ ವಿಳಾಸ ಹಾಕಿದ್ರೆ ಮೂರು ತಾರೀಕಿನ ಪ್ರತಿಗಳು ಸಿಕ್ಕವು. ಎರಡರಲ್ಲಿ ಮುಖಪುಟ ಮಾತ್ರ. ಮೂರನೇದರಲ್ಲಿ ಆಯಿ ಪುಟ ಇತ್ತು. ಫೋಟೋ ಜಾಗದಲ್ಲಿ ಖಾಲಿ ಚೌಕ, ಆದ್ರೆ ಅಕ್ಷರ ಪೂರ್ತಿ ಇತ್ತು. ಅಕ್ಕನಿಗೆ ಫೋನಲ್ಲೇ ಓದಿ ಹೇಳ್ದೆ, ಅವಳು ಉತ್ತರ ಕೊಡ್ಲಿಲ್ಲ, ಹಿಂದೆ ಅಂಗಳದಲ್ಲಿ ಬಾಟಲಿ ತೊಳೆಯೋ ಶಬ್ದ ಮಾತ್ರ ಕೇಳ್ತಿತ್ತು. ಆವತ್ತೇ ಅದನ್ನ ಕಾಪಿ ಮಾಡಿ ಮೂರು ಕಡೆ ಇಟ್ಟೆ, ಒಂದು ಪ್ರಿಂಟು ತೆಗೆದು ಅಕ್ಕನಿಗೆ ಪೋಸ್ಟ್ ಮಾಡ್ದೆ.

ಇದೆಲ್ಲ ಆದ ಮೇಲೆ ಸಿಕ್ಕೋರಿಗೆಲ್ಲ ನಾನು ಕೇಳೋ ಮೊದಲ ಪ್ರಶ್ನೆ ಇದೇ ಆಗಿದೆ, ನಿಮ್ಮ ಡೊಮೇನ್ ಯಾವ ಮೇಲ್ ಐಡಿಯಲ್ಲಿದೆ ಅಂತ. ಹತ್ತಕ್ಕೆ ಎಂಟು ಜನ ಅದೇ ಉತ್ತರ ಕೊಡ್ತಾರೆ, "ವೆಬ್‌ಸೈಟ್ ಹುಡುಗ ನೋಡ್ಕೊಳ್ತಾನೆ". ಹೊನ್ನಾವರದ ಕಡೆ ಹೋಮ್‌ಸ್ಟೇ ನಡೆಸೋ ಸ್ನೇಹಿತನ ಕಥೆ ನಮ್ಮದಕ್ಕಿಂತ ಕೆಟ್ಟದು. ಸೈಟ್ ಮಾಡಿದವನ ಜೊತೆ ದುಡ್ಡಿನ ವಿಷಯಕ್ಕೆ ಜಗಳ ಆಯ್ತು, ಅವನು ಸೈಟ್ ಇಳಿಸಿಬಿಟ್ಟ, ಇ-ಮೇಲೂ ಅದೇ ಡೊಮೇನಲ್ಲಿ ಇದ್ದಿದ್ದರಿಂದ ಬುಕಿಂಗ್ ಇ-ಮೇಲುಗಳೂ ನಿಂತುಹೋದವು, ಡೊಮೇನ್ ಬೇಕಂದ್ರೆ ಇಷ್ಟು ಕೊಡಿ ಅಂತ ಒಂದು ಮೊತ್ತ ಹೇಳ್ದ. ಆ ಹೆಸರು ನನ್ನ ಹೋಮ್‌ಸ್ಟೇಯದ್ದು, ಬೋರ್ಡಲ್ಲಿದೆ, ಜಿಎಸ್‌ಟಿಯಲ್ಲಿದೆ ಅಂತ ಇವನು ಎಷ್ಟು ಹೇಳಿದ್ರೂ, ಡೊಮೇನ್ ದಾಖಲೆ ಅವನ ಹೆಸರಲ್ಲಿ.

ಕಾನೂನಲ್ಲಿ ದಾರಿ ಇಲ್ಲ ಅಂತಲ್ಲ. ಡೊಮೇನ್ ಹೆಸರು ಬರೀ ವಿಳಾಸ ಅಲ್ಲ, ಅದು ವ್ಯಾಪಾರದ ಗುರುತು, ಟ್ರೇಡ್‌ಮಾರ್ಕಿಗಿರೋ ಥರದ ರಕ್ಷಣೆ ಅದಕ್ಕೂ ಸಿಗುತ್ತೆ ಅಂತ ಸುಪ್ರೀಂ ಕೋರ್ಟ್ 2004ರಲ್ಲೇ ಹೇಳಿದೆ. ಆ ಕೇಸು ಶುರುವಾಗಿದ್ದು ನಮ್ಮ ಬೆಂಗಳೂರಿನ ಸಿಟಿ ಸಿವಿಲ್ ಕೋರ್ಟಲ್ಲೇ. ಸತ್ಯಂ ಇನ್ಫೋವೇ ಅವರದು ಸಿಫಿ ಅನ್ನೋ ಹೆಸರು, ಅದಕ್ಕೆ ಹೋಲೋ ಹೆಸರಿನ ಡೊಮೇನ್ ಇನ್ನೊಂದು ಕಂಪನಿ ಇಟ್ಕೊಂಡಿತ್ತು. ಕೆಳಗಿನ ಕೋರ್ಟ್ ಸತ್ಯಂ ಪರ ತಡೆ ಕೊಡ್ತು, ಹೈಕೋರ್ಟ್ ಅದನ್ನ ತೆಗೀತು, ಸುಪ್ರೀಂ ಕೋರ್ಟ್ ಮತ್ತೆ ಸತ್ಯಂ ಪರ ನಿಂತಿತು. ಡಾಟ್ ಇನ್ ಹೆಸರುಗಳಿಗೆ, ಅವನ್ನ ನೋಡ್ಕೊಳ್ಳೋ ನಿಕ್ಸಿ ಅನ್ನೋ ಸಂಸ್ಥೆಯ ಮಧ್ಯಸ್ಥಿಕೆ ವ್ಯವಸ್ಥೆ ಇದೆ, ಡಾಟ್ ಕಾಮಿಗೆ ಜಿನೀವಾದ ವೈಪೊ ಅಂದ್ರೆ ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆಯಲ್ಲಿ ದೂರು ಕೊಡಬಹುದು. ಆದ್ರೆ ವೈಪೊಗೆ ಒಂದು ಹೆಸರಿನ ದೂರಿಗೆ ಶುಲ್ಕವೇ 1500 ಡಾಲರ್, ವಕೀಲರ ಫೀಸು ಬೇರೆ, ಮೇಲಾಗಿ ಎದುರಿನವನು ಕೆಟ್ಟ ಉದ್ದೇಶದಿಂದಲೇ ಹೆಸರು ತಗೊಂಡ ಅಂತ ತೋರಿಸಬೇಕು. ನೀವೇ ಒಪ್ಪಿ, ನೀವೇ ಹೇಳಿ ಅವನ ಹೆಸರಲ್ಲಿ ತಗೊಂಡಿದ್ದಾಗ ಅದನ್ನ ತೋರಿಸೋದು ಸುಲಭ ಅಲ್ಲ. ನನ್ನ ಸ್ನೇಹಿತ ಅವನು ಕೇಳಿದ ದುಡ್ಡು ಕೊಟ್ಟ. ನನಗೆ ಸಂಕಟ ಆಯ್ತು, ಆದ್ರೆ ಬೇಡ ಅನ್ನೋಕೆ ಬಾಯಿ ಬರ್ಲಿಲ್ಲ, ಡಿಸೆಂಬರ್ ಬುಕಿಂಗ್ ಎದುರಿಗಿತ್ತು.

ಇನ್ನೊಂದು ಗೊತ್ತಿರಬೇಕಾದ ವಿಷಯ. ದುಡ್ಡು ಕೊಟ್ಟು ಸೈಟ್ ಮಾಡಿಸಿದ್ವಿ ಅಂದ ಮಾತ್ರಕ್ಕೆ ಅದರ ಕೋಡು, ಬರಹ ನಮ್ಮದಾಗಲ್ಲ. 1957ರ ಕಾಪಿರೈಟ್ ಕಾಯ್ದೆ ಪ್ರಕಾರ ಸಂಬಳದ ನೌಕರ ಅಲ್ಲದೇ ಹೊರಗಿನವರು ಮಾಡಿದ್ರೆ ಸಾಮಾನ್ಯವಾಗಿ ಮಾಡಿದವರೇ ಅದರ ಮೊದಲ ಒಡೆಯರು, ನಮಗೆ ಬರಬೇಕಾದ್ರೆ ಬರವಣಿಗೆಯಲ್ಲಿ ಸಹಿ ಹಾಕಿ ಕೊಡಬೇಕು. ಫೋಟೋಗೆ ಮಾತ್ರ ಬೇರೆ ನಿಯಮ, ನಾವು ಹೇಳಿ ದುಡ್ಡು ಕೊಟ್ಟು ತೆಗೆಸಿದ್ದಾದ್ರೆ, ಬೇರೆ ಕರಾರು ಇಲ್ಲದಿದ್ರೆ, ನಮ್ಮದೇ. ಹಾಗಾಗಿ ಹೊಸ ಸೈಟ್ ಮಾಡಿಸುವಾಗ ಒಂದು ಪುಟದ ಕಾಗದಕ್ಕೆ ಸಹಿ ಮಾಡಿಸ್ಕೊಂಡ್ವಿ. ಈಗಿನ ಹುಡುಗಿ, ಸಾಗರದವಳು, "ಇದು ಮೊದಲೇ ಕೇಳಿದ್ದು ಒಳ್ಳೇದಾಯ್ತು ಅಂಕಲ್, ನಾಳೆ ನಂಗೂ ಕಿರಿಕಿರಿ ಇಲ್ಲ" ಅಂದ್ಲು. ನಿಜವೇ, ಇನ್ನೊಬ್ರ ಅಂಗಡಿಯ ಬೀಗದ ಕೈ ವರ್ಷಗಟ್ಟಲೆ ಜೇಬಲ್ಲಿಟ್ಕೊಂಡು ತಿರುಗೋದು ಕೆಲಸ ಮಾಡೋರಿಗೂ ಭಾರವೇ. ಟೊರೊಂಟೊ ಹುಡುಗನ ಮುಖ ನೋಡಿದ ಮೇಲೆ ನನಗೆ ಆ ಕಡೆಯ ಕಷ್ಟವೂ ಅರ್ಥ ಆಗಿದ್ದು.

ಆಟೋ ರಿನ್ಯೂ ಹಾಕಿದೀವಿ ಅಂತ ನಿಶ್ಚಿಂತೆಯಿಂದ ಇರೋರಿಗೆ ಒಂದು ಮಾತು. 2021ರ ಅಕ್ಟೋಬರಲ್ಲಿ ರಿಸರ್ವ್ ಬ್ಯಾಂಕಿನ ಹೊಸ ನಿಯಮ ಜಾರಿಗೆ ಬಂದ ಮೇಲೆ, ನಾವು ಮೊದಲೇ ಒಪ್ಪಿಗೆ ಕೊಟ್ಟು ನೋಂದಾಯಿಸದೇ ಕಾರ್ಡಿಂದ ತಾನಾಗೇ ದುಡ್ಡು ಕಡಿತ ಆಗಲ್ಲ. ಹೊರದೇಶದ ಎಷ್ಟೋ ಕಂಪನಿಗಳಿಗೆ ನಮ್ಮ ಕಾರ್ಡಿಂದ ಹೋಗ್ತಿದ್ದ ಆಟೋ ಪೇಮೆಂಟು ಆವಾಗ ನಿಂತುಹೋಯ್ತು. ಸ್ಕ್ರೀನಲ್ಲಿ ಆಟೋ ರಿನ್ಯೂ ಆನ್ ಅಂತಲೇ ಇರುತ್ತೆ, ದುಡ್ಡು ಹೋಗಿರಲ್ಲ. ಅದಕ್ಕೇ ನಾವು ಐದು ವರ್ಷಕ್ಕೆ ಒಟ್ಟಿಗೆ ಕಟ್ಟಿಬಿಟ್ವಿ, ಜೊತೆಗೆ ಪ್ರತಿ ಜನವರಿ ಸಂಕ್ರಾಂತಿ ಆದ ಮರುದಿನ ತಾರೀಕು ನೋಡೋದು ಅಂತ ಇಟ್ಕೊಂಡಿದೀವಿ. ಖಾತೆಯ ಮೇಲ್ ಐಡಿ ಕೂಡ ಆ ಡೊಮೇನಿಂದೇ ಇರಬಾರದು, ಇದನ್ನ ಬಹಳ ಜನ ತಪ್ತಾರೆ. ಡೊಮೇನ್ ಸತ್ತ ದಿನ ಆ ಇ-ಮೇಲೂ ಸಾಯುತ್ತೆ, ಪಾಸ್‌ವರ್ಡ್ ಬದಲಿಸೋ ಲಿಂಕು ಆ ಸತ್ತ ಇ-ಮೇಲಿಗೇ ಹೋಗುತ್ತೆ. ಬಾವಿಗೆ ಬಿದ್ದ ಹಗ್ಗ ಎತ್ತೋಕೆ ಅದೇ ಹಗ್ಗ ಬೇಕು ಅನ್ನೋ ಹಾಗೆ.

ಈ ಗೋಜೆಲ್ಲ ಯಾಕೆ, ಗೂಗಲ್ಲಲ್ಲೋ ಇನ್‌ಸ್ಟಾದಲ್ಲೋ ಪುಟ ಇದ್ರೆ ಸಾಕಲ್ವಾ ಅಂತ ಕೇಳ್ತಾರೆ. ಗೂಗಲ್ ಬಿಸಿನೆಸ್ ಪ್ರೊಫೈಲಲ್ಲಿ ಪುಕ್ಕಟೆ ವೆಬ್‌ಸೈಟ್ ಕೊಡ್ತಿದ್ರು, ಕೊನೇಲಿ ಬಿಸಿನೆಸ್ ಡಾಟ್ ಸೈಟ್ ಅಂತ ಬರೋದು. ನಮ್ಮ ಕಡೆ ಬೇಕರಿ, ನರ್ಸರಿ, ಹೋಮ್‌ಸ್ಟೇಯವರೆಲ್ಲ ಅದನ್ನೇ ವಿಸಿಟಿಂಗ್ ಕಾರ್ಡಲ್ಲಿ ಹಾಕಿಸಿದ್ರು. 2024ರ ಮಾರ್ಚಲ್ಲಿ ಗೂಗಲ್ ಅದನ್ನ ಮುಚ್ಚಿತು. ಜೂನ್ ತನಕ ಆ ವಿಳಾಸ ಹೊಡೆದೋರು ಪ್ರೊಫೈಲಿಗೆ ಹೋಗ್ತಿದ್ರು, ಆಮೇಲೆ ಅದೂ ಇಲ್ಲ. ನಾನು ಇನ್‌ಸ್ಟಾ ಬೇಡ ಅನ್ನಲ್ಲ, ಅಕ್ಕನ ಮಗಳು ಹಾಕೋ ರೀಲ್ಸಿಂದಲೇ ಈಗ ಅರ್ಧ ಆರ್ಡರ್ ಬರೋದು. ಆದ್ರೆ ಲೇಬಲ್ಲಿನ ಮೇಲೆ ಅಚ್ಚು ಹಾಕಿಸೋದು ನಮ್ಮ ಕೈಯಲ್ಲಿರೋ ಹೆಸರೇ ಆಗಬೇಕು. ಹೋಸ್ಟಿಂಗ್ ಕಂಪನಿ ಬದಲಾಗ್ಲಿ, ಸೈಟ್ ಮಾಡೋರು ಬದಲಾಗ್ಲಿ, ಡೊಮೇನ್ ನಮ್ಮದಾಗಿದ್ರೆ ಅದರ ನೇಮ್‌ಸರ್ವರ್, ಅಂದ್ರೆ ಸೈಟು ಯಾವ ಜಾಗದಲ್ಲಿದೆ ಅಂತ ತೋರಿಸೋ ಗುರುತು, ಬದಲಿಸಿ ಒಂದೆರಡು ದಿನದಲ್ಲಿ ಹೊಸ ಜಾಗಕ್ಕೆ ಗಿರಾಕಿಗಳನ್ನ ಕರ್ಕೊಂಡು ಹೋಗಬಹುದು. ಬಾಟಲಿ ಮೇಲಿನ ಅಕ್ಷರ ಬದಲಿಸಬೇಕಾಗಿಲ್ಲ.

ಹೋದ ದೀಪಾವಳಿಗೆ ಊರಿಗೆ ಹೋದಾಗ ಭಾವ ತಮ್ಮ ನೀಲಿ ರಟ್ಟಿನ ಲೆಕ್ಕದ ಪುಸ್ತಕ ತೆಗೆದು ತೋರಿಸಿದ್ರು. ಕೊನೇ ಪುಟದಲ್ಲಿ ಅವರ ದುಂಡನೆ ಅಕ್ಷರದಲ್ಲಿ ಡೊಮೇನ್ ಯಾವ ಕಂಪನಿ, ಯಾವ ಮೇಲ್, ಯಾವ ತಾರೀಕಿಗೆ ಮುಗಿಯುತ್ತೆ, ಹೋಸ್ಟಿಂಗ್ ಎಲ್ಲಿ, ಗೂಗಲ್ ಮ್ಯಾಪಿನ ಮಾಲೀಕ ಯಾರು, ಎಲ್ಲ ಬರೆದಿದ್ರು. ಪಾಸ್‌ವರ್ಡ್ ಬರೆದಿರ್ಲಿಲ್ಲ, ಅದು ಬೇರೆ ಕಡೆ ಇದೆ, ಅಕ್ಕನಿಗೂ ಮಗಳಿಗೂ ಗೊತ್ತು. ಆಯಿ ಪುಟದ ಪ್ರಿಂಟನ್ನ ನಾಲ್ಕು ಮಡಚಿ ಅದೇ ಪುಸ್ತಕದೊಳಗೆ ಇಟ್ಟಿದ್ರು, ಅಂಚಿಗೆ ಅರಿಶಿನ ಹತ್ತಿತ್ತು.

ಅಕ್ಕ ಆ ಪುಟ ಓದ್ತಾ ಓದ್ತಾ ಸುಮ್ನೆ ತಲೆ ಎತ್ತಿ ಕೇಳಿದ್ಲು, "ಆರ್ಡರ್ ಬರ ವಾಟ್ಸಾಪ್ ನಂಬರ್ ಸಿಮ್ಮು ಯಾರ ಹೆಸರಲ್ಲಿದ್ದು?"

ಭಾವ ಸ್ವಲ್ಪ ಹೊತ್ತು ಯೋಚನೆ ಮಾಡಿದ್ರು. ಆ ಸಿಮ್ಮು ತಗೊಂಡಿದ್ದು ಅವರ ಚಿಕ್ಕಪ್ಪನ ಮಗ, ಅವನು ಈಗ ಪುಣೆಯಲ್ಲಿದ್ದಾನೆ. ಐದು ಸಾವಿರ ಲೇಬಲ್ ಮೇಲೆ ಅದೇ ನಂಬರ್ ಅಚ್ಚಾಗಿದೆ. ಆವತ್ತು ರಾತ್ರಿಯೇ ಅವನಿಗೆ ಫೋನ್ ಮಾಡಿದ್ವಿ, ತುಳಸಿ ಮದುವೆಗೆ ಊರಿಗೆ ಬರ್ತೀನಿ, ಆವಾಗ ಹೋಗಿ ಮಾಡಿಸೋಣ ಅಂದ. ಭಾವ ಆ ಪುಟದ ಕೆಳಗೆ ಇನ್ನೊಂದು ಸಾಲು ಬರೆದ್ರು.